ಹೊಸ ಬಾಗಿಲಿಗೆ ಗಂಗವ್ವತ್ತೆಯ ಒದೆ

ನಮ್ಮ ಜೀಪಿಗೆ ಇವತ್ತು ಹೊಸ ಮೈ ಬಂತು, ಗೆಳೆಯರೇ. ಅಪ್ಪ ಗುಜರಿಯಿಂದ ಬಿಡಿಭಾಗ ತಂದು ತಾನೇ ಜೋಡಿಸಿದ ಹಳೇ ಗಾಡಿ ಅದು. ಅದಕ್ಕೆ ಈಗಿನ ಮಾಡೆಲ್ಲಿನ ಬಾನೆಟ್ಟು, ಬಾಗಿಲು ಹಾಕಿಸಿದೆ. ಬಾನೆಟ್ಟು ಸರಿಯಾಗಿ ಕೂತಿತು. ಬಾಗಿಲೆರಡೂ ಬೆರಳು ತೂರುವಷ್ಟು ಸಂದಿ ಬಿಟ್ಟು ನಿಂತವು. ಸಿಂದಗಿಯ ಟಿಂಕರ್ ರಫೀಕಣ್ಣ ಉಜ್ಜಿದ, ತಟ್ಟಿದ, ಕಡೆಗೆ ಕೈಚೆಲ್ಲಿದ.

"ಚೌಕಟ್ಟ ಹಳೇದೈತ್ರಿ, ಬಾಗಿಲಾ ಹೊಸಾವು. ಇನ್ನ ನನ್ನ ಕೈಲಿ ಆಗೂದಿಲ್ರಿ."

ತೆರೆದುಕೊಳ್ಳದಿರಲೆಂದು ಎರಡೂ ಬಾಗಿಲಿಗೆ ಹಗ್ಗ ಕಟ್ಟಿದೆ. ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣಿಟ್ಟು, ಕನ್ನೊಳ್ಳಿಗೆ ಹೊರಟಿದ್ದ ಸೋದರತ್ತೆ ಗಂಗವ್ವನನ್ನು ಹತ್ತಿಸಿಕೊಂಡೆ.

ಹಳೇ ಬಾಗಿಲು ಇಳಿದವರು ಹೊರಗಿನಿಂದ ಒದ್ದರೆ ಮಾತ್ರ ಮುಚ್ಚುತ್ತಿತ್ತು. ನಮ್ಮ ಮನೆಯವರಿಗೆಲ್ಲ ಅದೇ ರೂಢಿ. ಕನ್ನೊಳ್ಳಿಯಲ್ಲಿ ಅತ್ತೆ ಹಗ್ಗ ಬಿಚ್ಚಿ ಇಳಿದಳು, ತಿರುಗಿದಳು, ಸೀರೆಯ ನಿರಿಗೆ ಎತ್ತಿ ಹಿಡಿದು ಒದ್ದೇಬಿಟ್ಟಳು. ಫಳಫಳ ಹೊಳೆಯುವ ಕೆಂಪು ಬಣ್ಣದ ನಡುವೆ ಬಟ್ಟಲಿನಷ್ಟು ತಗ್ಗು!

"ಅತ್ತೀ! ಹೊಸಾ ಬಾಗಿಲಾ ಅದು!" ಎಂದು ಚೀರಿದೆ.

"ಬಾಗಿಲಾ ಹೊಸಾದಿರಬಹುದೋ, ಗಾಡಿ ನಿಮ್ಮಪ್ಪಂದ ಐತಿ. ಒದೀಲಾರದ ಯಾವಾಗ ಹಾಕ್ಕೊಂಡೈತಿ ಅದು?"

ಜಗಳಕ್ಕೆ ಬಾಯಿ ತೆರೆದವನು ಬಾಗಿಲನ್ನು ನೋಡಿದೆ. ಸಂದಿಯೇ ಇಲ್ಲ. ಎಳೆದರೂ ಅಲುಗುತ್ತಿಲ್ಲ.

ಅತ್ತೆ ಸುತ್ತಿ ಬಂದು ನನ್ನ ಕಡೆಯ ಹಗ್ಗವನ್ನೂ ಬಿಚ್ಚಿದಳು. ಮತ್ತೆ ನಿರಿಗೆ ಎತ್ತಿದಳು.

"ಇಳಿ ಕೆಳಗ."

ಹೊಸ ಬಣ್ಣದ ವಾಸನೆಯೂ ಇನ್ನೂ ಹೋಗಿರಲಿಲ್ಲ, ಗೆಳೆಯರೇ. ಆದರೂ ಇಳಿದೆ.