ರೊಟ್ಟಿ ಕಟ್ಟುವ ಹಾಳೆ

ನಮ್ಮ ಖಾನಾವಳಿಗೆ ದಿನಾ ಉಣ್ಣಲು ಬರುತ್ತಿದ್ದ ಹವಾಲ್ದಾರರು ಮೊಬೈಲ್ ತನಿಖೆಯ ತರಬೇತಿ ಮುಗಿಸಿ ಬಂದ ಮೇಲೆ ನೀರಿನ ಲೋಟವನ್ನೂ ಎರಡೇ ಬೆರಳಲ್ಲಿ ಹಿಡಿಯತೊಡಗಿದರು. ನಾನು ಮೇಜು ಒರೆಸಲು ಹೋದರೆ, "ಮುಟ್ಟಬ್ಯಾಡ್ರಿ, ಸಾಕ್ಷಿ ಐತಿ" ಎನ್ನುವರು. ಜಪ್ತಿ ಮಾಡಿದ ಫೋನನ್ನು ಫಾಯಿಲಿನಲ್ಲಿ ಸುತ್ತಿಟ್ಟರೆ ಸಿಗ್ನಲ್ ಸಿಗದು, ದೂರದಲ್ಲಿ ಕೂತು ಯಾರೂ ಅದರೊಳಗಿನದನ್ನು ಅಳಿಸಲಾರರು ಎಂದು ಹೇಳಿ, ನಾವು ರೊಟ್ಟಿ ಕಟ್ಟುವ ಹಾಳೆಯನ್ನೇ ಒಯ್ಯುತ್ತಿದ್ದರು.

ಒಂದು ಮಧ್ಯಾಹ್ನ, ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಸಿಕ್ಕಿಬಿದ್ದ ಕಿಸೆಗಳ್ಳನ ಫೋನನ್ನು ನಮ್ಮಲ್ಲೇ ಕೂತು ಸುತ್ತಿದರು. ಅವನದೂ ಇವರದೂ ಒಂದೇ ನಮೂನೆಯ ಕರಿ ಫೋನು. ಅರಗಿನ ಮುದ್ರೆ ಒತ್ತಿ, ಕೈತೊಳೆದು, ರೊಟ್ಟಿ ಮುರಿಯುವಷ್ಟರಲ್ಲಿ ಅವರ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಕಿವಿಗಿಟ್ಟರು. ಮುದುಕಿಯೊಬ್ಬಳ ದನಿ ನನಗೂ ಕೇಳಿಸಿತು: "ಎಲ್ಲಿ ಅದೀಯಪ, ಉಂಡೀಯಿಲ್ಲ?"

ಕಳ್ಳನ ತಾಯಿ. ಮುದ್ರೆಯೊಳಗೆ ಕೂತಿದ್ದುದು ಹವಾಲ್ದಾರರ ಸ್ವಂತ ಫೋನು.

ಅವರು ತಟ್ಟೆಯನ್ನೊಮ್ಮೆ ನೋಡಿದರು. "ಉಣ್ಣಾಕತ್ತೀನವ್ವ" ಎಂದು ಮೆಲ್ಲಗೆ ಹೇಳಿ ಇಟ್ಟುಬಿಟ್ಟರು.

ನಾನು ನಗು ತಡೆದುಕೊಂಡು ನಿಂತಿದ್ದೆ. ಅವರು ನನ್ನ ಫೋನಿನಿಂದ ತಮ್ಮ ನಂಬರಿಗೆ ಹಚ್ಚಿಸಿದರು. ಹತ್ತಲಿಲ್ಲ. ಅವರ ಮುಖ ಅರಳಿತು.

"ನಿಮ್ಮ ಹಾಳಿ ಭಾಳ ಪಕ್ಕಾ ಐತಿ ನೋಡ್ರಿ. ಇನ್ನೊಂದು ಕೊಡ್ರಿ."