ಆ ಎರಡು ಬೆರಳು

ಪಾದ್ರಿಮನೆಯ ಅಡುಗೆಯಾಕೆಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಬೀದಿ ಹೇಳುತ್ತಿತ್ತು. ಹೇಳುವವರಿಗೇನು, ಅವಳ ಜಾಗದಲ್ಲಿ ನಿಂತು ನೋಡಿದವರು ಯಾರು? ಗಂಡ ತೀರಿಕೊಂಡ ಮೇಲೆ ಆ ಒಲೆಯ ಮುಂದೆ ನಿಂತವಳು ಮೂವರು ಪಾದ್ರಿಗಳಿಗೆ ಬಡಿಸಿ ಕಳಿಸಿದ್ದಳು. ಈ ನಾಲ್ಕನೆಯವನನ್ನು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಉಣ್ಣುವಾಗ ಆತ ಹೆಬ್ಬೆರಳು, ತೋರುಬೆರಳು ಎರಡನ್ನೂ ಬಾಯೊಳಗೆ ತೂರಿಸಿ ಹಲ್ಲಿನ ಸಂದಿಯ ಮಾಂಸದ ಚೂರನ್ನು ಕೀಳುತ್ತಿದ್ದ. ಕಿತ್ತದ್ದನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಬಾಯಿಗೇ ಹಾಕಿಕೊಳ್ಳುತ್ತಿದ್ದ. ಬೆರಳನ್ನು ಮೇಜಿನ ಬಟ್ಟೆಗೆ ಒರೆಸುತ್ತಿದ್ದ. ಥೂ! ಬೆಳಗಾದರೆ ಚರ್ಚಿನ ಬಲಿಪೂಜೆಯಲ್ಲಿ ಅದೇ ಎರಡು ಬೆರಳು ರೊಟ್ಟಿಯನ್ನು ಎತ್ತಿ ಹಿಡಿಯಬೇಕು. ಆತನ ಬಾಯಿಂದ ಕ್ರಿಸ್ತನ ಮಾತು ಬಂದೊಡನೆ ಅದು ರೊಟ್ಟಿಯಲ್ಲ, ಕ್ರಿಸ್ತನ ದೇಹ. ಅದನ್ನವಳು ಮನಸಾರೆ ನಂಬಿದ್ದಳು. ನಂಬಿದ್ದಕ್ಕೇ ಅಷ್ಟು ಹೇಸಿಗೆ. ಆ ರೊಟ್ಟಿಯನ್ನು ಆತನ ಕೈಯಿಂದ ನಾಲಿಗೆಗೆ ಇಡಿಸಿಕೊಳ್ಳುವ ಪರಮಪ್ರಸಾದದ ಸಾಲಿನಲ್ಲಿ ನಿಲ್ಲುವುದನ್ನೇ ಬಿಟ್ಟು, ಹಿಂದಿನ ಬೆಂಚಿನಲ್ಲಿ ಮುಖ ಗಂಟು ಹಾಕಿಕೊಂಡು ಕೂರತೊಡಗಿದಳು.

"ಪ್ರಸಾದ ಕೊಡೋನು ದೇವರು ಕಣೇ. ಫಾದರ್ ಕೈ ಬರೀ ಸೌಟು," ಎಂದಿದ್ದಳು ಅವಳ ಅಕ್ಕ.

"ಸೌಟನ್ನಾದ್ರೆ ನಾನು ತೊಳೀತೀನಲ್ಲ!"

ಆ ಅಕ್ಕನೇ ಹಾಸಿಗೆ ಹಿಡಿದಳು. ಎದೆ ತುಂಬ ಕಫ, ಗಂಟಲಲ್ಲಿ ಗೊರಗೊರ. "ಸಾಯೋಕೆ ಮುಂಚೆ ಒಂದ್ಸಲ ಪ್ರಸಾದ ಬೇಕು ಕಣೇ, ಅವರನ್ನ ಕರ್ಕೊಂಡ್ಬಾ," ಎಂದು ಹಟ ಹಿಡಿದಳು. ಬೇರೆ ಪಾದ್ರಿಯನ್ನು ಎಲ್ಲಿಂದ ತರುವುದು? ತಂಗಿ ಹಲ್ಲು ಕಚ್ಚಿಕೊಂಡು ಹೋಗಿ ಕರೆದಳು. ಆತ ಏನನ್ನೋ ಅಗಿಯುತ್ತಲೇ ಬಂದ.

"ಮೊದ್ಲು ಕೈ ತೊಳ್ಕೊಳ್ಳಿ ಫಾದರ್. ಸೋಪು ಹಾಕಿ."

ಆತ ಗುರಾಯಿಸಿದ. ಆದರೂ ತೊಳೆದ.

ಪ್ರಾರ್ಥನೆ ಗಡಿಬಿಡಿಯಲ್ಲೇ ಮುಗಿಯಿತು. ಪ್ರಸಾದ ಅಕ್ಕನ ನಾಲಿಗೆಯ ಮೇಲೆ ಕೂತಿತೋ ಇಲ್ಲವೋ, ಕೆಮ್ಮು ಒತ್ತರಿಸಿ ಬಂತು. ಹಳದಿ ಕಫದ ಜೊತೆ ಅದೂ ಗದ್ದದ ಮೇಲೆ ಬಂದು ಬಿತ್ತು. ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಒಡಹುಟ್ಟಿದವಳ ಕಫವೇ ಆದರೂ ಬರಿಗೈ ಹಾಕಲಾಗದೆ ತಂಗಿ ಬಟ್ಟೆ ಎತ್ತಿಕೊಂಡಳು.

"ಒರೆಸ್ಬೇಡ! ಅದು ಬಟ್ಟೆಗೆ ಹೋಗೋ ವಸ್ತು ಅಲ್ಲ," ಎಂದ ಪಾದ್ರಿ.

ಆ ಎರಡು ಬೆರಳಿಂದ ಅದನ್ನು ಎತ್ತಿಕೊಂಡ. ಕಫದ ಎಳೆ ಜೋತಾಡುತ್ತಿತ್ತು. ಹಾಗೇ ಬಾಯಿಗಿಟ್ಟುಕೊಂಡು ನುಂಗಿದ. ಮುಖ ಸಿಂಡರಿಸಲೂ ಇಲ್ಲ. ಮತ್ತೊಂದು ಪ್ರಸಾದದಿಂದ ಸಾಸಿವೆಯಷ್ಟು ಮುರಿದು, ಚಮಚದ ನೀರಿನಲ್ಲಿ ಅಕ್ಕನ ತುಟಿಗೆ ಹಿಡಿದ.

"ನಿಧಾನ ಅಮ್ಮಾ. ಆತುರ ಏನಿಲ್ಲ."

ಈ ಸಲ ಒಳಗೆ ಹೋಯಿತು. ಅಕ್ಕ ಕಣ್ಣು ಮುಚ್ಚಿದಳು, ಮುಖ ಸಡಿಲಾಯಿತು. ತಂಗಿ ಮಾತ್ರ ಬಚ್ಚಲಿಗೆ ಓಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ವಾಂತಿ ಮಾಡಿಕೊಂಡಳು.

ಅಕ್ಕನನ್ನು ಮಣ್ಣು ಮಾಡಿ ಬಂದ ಮೇಲಿನ ಭಾನುವಾರ ಅವಳು ಪ್ರಸಾದದ ಸಾಲಿನಲ್ಲಿ ನಿಂತಳು. ಆತನೇನೂ ಬದಲಾಗಿರಲಿಲ್ಲ, ಹಿಂದಿನ ದಿನವೂ ಹಲ್ಲಿನ ಸಂದಿ ಕೆದಕಿ ಮೇಜಿನ ಬಟ್ಟೆಗೆ ಒರೆಸಿದ್ದನ್ನು ಕಣ್ಣಾರೆ ಕಂಡಿದ್ದಳು. ಸಾಲು ಮುಂದೆ ಸರಿಯಿತು. ಆ ಎರಡು ಬೆರಳು ಹತ್ತಿರ ಬಂದವು. ಅವಳು ಬಾಯಿ ತೆರೆದಳು.