ಬೀಗ ಹಾಕಿದ ಆರೋಗ್ಯ ಕೇಂದ್ರ

ಮಗಳನ್ನು ಸೇರಿಸುವ ಮೊದಲು ಆ ವಿಶ್ವವಿದ್ಯಾಲಯವನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದವಳು ನಾನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ಓದಿದವಳಿಗೆ ಬಣ್ಣದ ಪುಸ್ತಿಕೆಯನ್ನು ನಂಬುವುದು ಕಷ್ಟ. ಅದರಲ್ಲೊಂದು ಈಜುಕೊಳದ ಚಿತ್ರವಿತ್ತು. ಅಷ್ಟು ನೀಲಿ ನೀರನ್ನು ದೆಹಲಿಯ ಸುತ್ತಮುತ್ತ ನಾನೆಲ್ಲೂ ಕಂಡಿರಲಿಲ್ಲ.

ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಿಂದ ಬೆಳಿಗ್ಗೆ ಹೊರಟು, ಮೆಟ್ರೋದ ಕೊನೆಯ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೆವು. ಇಟ್ಟಿಗೆ ಭಟ್ಟಿಗಳನ್ನು ದಾಟಿ, ಹರಿಯಾಣದ ಬೋಳು ಹೊಲಗಳ ನಡುವೆ ಬಹಳ ದೂರ ಹೋದ ಮೇಲೆ ಒಂದು ದೊಡ್ಡ ಕಮಾನು, ಅದರ ಹಿಂದೆ ಐದಾರು ಕಟ್ಟಡಗಳು ಕಂಡವು. ಈಜುಕೊಳ ಇರಬೇಕಾದ ಕಡೆ ತಗಡಿನ ಬೇಲಿ ಇತ್ತು.

ನಮ್ಮನ್ನು ಸುತ್ತಾಡಿಸಲು ಟೈ ಕಟ್ಟಿದ, ನಡುವಯಸ್ಸಿನ ಅಧಿಕಾರಿಯೊಬ್ಬರು ಬಂದರು. ಅವರು ತೋರಿಸಿದ್ದನ್ನಷ್ಟೇ ನೋಡಬಾರದೆಂದು ನಾನು ಮೊದಲೇ ನಿರ್ಧರಿಸಿದ್ದೆ. ಗ್ರಂಥಾಲಯದಲ್ಲಿ ಕಪಾಟಿನ ಹಿಂದಿನ ಸಾಲಿನಿಂದ ಪುಸ್ತಕ ಎಳೆದು ನೋಡಿದೆ. ಕಂಪ್ಯೂಟರ್ ಲ್ಯಾಬಿನಲ್ಲಿ ಬಗ್ಗಿ ಮೇಜಿನ ಕೆಳಗೆ ನೋಡಿದರೆ ಒಂದು ಸಾಲಿನ ಯಂತ್ರಗಳಿಗೆ ವೈರೇ ಇರಲಿಲ್ಲ. ಹಾಸ್ಟೆಲಿನಲ್ಲಿ ನಲ್ಲಿಗಳನ್ನೆಲ್ಲ ತಿರುಗಿಸಿದೆ.

"ಅಮ್ಮಾ, ಪ್ಲೀಸ್, ಬಸ್ ಕರೋ, ಸಾಕು ಮಾಡು," ಎಂದು ಮಗಳು ನನ್ನ ಮೊಣಕೈ ಹಿಡಿದೆಳೆದಳು.

ಕೊನೆಗೆ ಆರೋಗ್ಯ ಕೇಂದ್ರ. ಮುಂಬಾಗಿಲಿಗೆ ತುಕ್ಕು ಹಿಡಿದ ಬೀಗ.

"ಡಾಕ್ಟರ್ ಇವತ್ತು ರಜೆ ಮೇಡಂ," ಎಂದರು ಅಧಿಕಾರಿ.

ಒಂದು ದಿನದ ರಜೆಗೆ ಬೀಗ ಅಷ್ಟು ತುಕ್ಕು ಹಿಡಿಯುತ್ತದೆಯೇ? ಅವರು ಬೇಡವೆನ್ನುವಷ್ಟರಲ್ಲಿ ನಾನು ಕಟ್ಟಡದ ಹಿಂದಕ್ಕೆ ನಡೆದೆ. ಅಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು, ಒಳಗೆ ಕುಕ್ಕರ್ ಕೂಗುತ್ತಿತ್ತು. ತೆರೆದ ಬಾಗಿಲಿನಿಂದ ನೋಡಿದರೆ, ನಂಬರು ಬರೆದ ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಮುದುಕಿಯೊಬ್ಬರು ಮಲಗಿದ್ದರು. ಸಲ್ವಾರ್ ತೊಟ್ಟ, ನಲವತ್ತರ ಆಸುಪಾಸಿನ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನೀವು ಯಾರು?" ಎಂದೆ ಹಿಂದಿಯಲ್ಲಿ.

"ಇಲ್ಲಿಯ ನರ್ಸ್, ಜೀ."

"ಇಲ್ಲಿ ಯಾಕೆ ಅಡುಗೆ ಮಾಡ್ತಿದ್ದೀರಿ?"

ಆಕೆ ನನ್ನ ಬೆನ್ನ ಹಿಂದೆ ನಿಂತ ಅಧಿಕಾರಿಯ ಮುಖ ನೋಡಿ ತಲೆ ತಗ್ಗಿಸಿದರು. "ಚಲಿಯೇ ಮೇಡಂ, ಕ್ಯಾಂಟೀನ್ ನೋಡೋಣ," ಎಂದು ಅಧಿಕಾರಿ ಅವಸರಪಡಿಸಿದರು. ಹೊರಡುವ ಮುಂಚೆ ನಾನು ಫೋನಿನಲ್ಲಿ ಆ ಮಂಚದ ಫೋಟೋ ತೆಗೆದುಕೊಂಡೆ.

ಮಗಳು ಬಯಸಿದ ವಿಷಯ ಬೇರೆಲ್ಲೂ ಸಿಗಲಿಲ್ಲ. ಹೀಗಾಗಿ ಅಲ್ಲಿಗೇ ಸೇರಿದಳು. ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ವಾರವೇ ನಾನು ಆಡಳಿತಕ್ಕೆ ಒಂದು ಪತ್ರ ಬರೆದೆ. ವಿದ್ಯಾರ್ಥಿಗಳಿಗೆ ಮೀಸಲಾದ ಕಟ್ಟಡ ಮತ್ತು ಪೀಠೋಪಕರಣಗಳು ಖಾಸಗಿ ವಾಸಕ್ಕೆ ಬಳಕೆಯಾಗುತ್ತಿವೆ, ಕೂಡಲೇ ಕ್ರಮ ಕೈಗೊಳ್ಳಬೇಕು ಎಂದು. ಜೊತೆಗೆ ಆ ಫೋಟೋವನ್ನೂ ಇಟ್ಟೆ.

"ನಿನಗೆ ಎಲ್ಲರೂ ಕಳ್ಳರ ಹಾಗೇ ಕಾಣ್ತಾರಲ್ಲೇ," ಎಂದರು ನನ್ನ ಯಜಮಾನರು.

"ಮಂಚದ ಮೇಲೆ ನಂಬರ್ ಇದೆ ರೀ. ಅದು ಅವಳ ಮನೇದಲ್ಲ," ಎಂದೆ.

ಹದಿನೈದು ದಿನದೊಳಗೆ ಉತ್ತರ ಬಂತು. ಲೋಪವನ್ನು ಸರಿಪಡಿಸಲಾಗಿದೆ ಎಂಬ ಒಂದೇ ಸಾಲು. ನನ್ನ ಸಂಶಯ ನಿಜವಾಗಿತ್ತೆಂಬ ಸಮಾಧಾನದಲ್ಲಿ ಅದನ್ನು ಎರಡು ಸಲ ಓದಿದೆ.

ನವೆಂಬರಿನಲ್ಲಿ ಎಂದಿನಂತೆ ಹೊಲಗಳಲ್ಲಿ ಕೂಳೆ ಸುಟ್ಟ ಹೊಗೆ ಕವಿಯಿತು. ಒಂದು ಸಂಜೆ ಮಗಳ ಕೋಣೆಯ ಗೆಳತಿಗೆ ಉಬ್ಬಸ ಹತ್ತಿ ತುಟಿ ನೀಲಿಯಾಯಿತು. ಹುಡುಗಿಯರು ಆರೋಗ್ಯ ಕೇಂದ್ರಕ್ಕೆ ಓಡಿದರೆ ಹಿಂದಿನ ಬಾಗಿಲಿಗೂ ಬೀಗ. ಕೊನೆಗೆ ವಾರ್ಡನ್ ತಮ್ಮ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು, ಮುಂದಿನ ರಸ್ತೆ ಕಾಣದ ಹೊಗೆಯಲ್ಲಿ ಪಟ್ಟಣದ ಆಸ್ಪತ್ರೆ ಸೇರಿಸಿದರು. ಹುಡುಗಿ ಉಳಿದಳು.

ಆ ಶನಿವಾರ ಮನೆಗೆ ಬಂದ ಮಗಳು ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಆಕ್ಸಿಜನ್, ನೆಬುಲೈಸರ್ ಸಬ್ ಕುಛ್ ಒಳಗೇ ಇದೆ ಅಮ್ಮಾ. ಚಾಬಿ ಇರೋರೇ ಇಲ್ಲ. ಮೊದಲು ನರ್ಸ್ ದೀದಿ ಅಲ್ಲೇ ಇರ್ತಿದ್ದರು. ಯಾವಾಗ ಹೋದರೂ ಬಾಗಿಲು ತೆಗೀತಿದ್ದರು ಅಂತ ಸೀನಿಯರ್ಸ್ ಹೇಳ್ತಾರೆ. ಯಾರೋ ಪೇರೆಂಟ್ ಕಂಪ್ಲೇಂಟ್ ಮಾಡಿದರಂತೆ. ಅಬ್ ದೀದಿ ನಾಲ್ಕು ಗಂಟೆಗೆ ಹೋಗಿಬಿಡ್ತಾರೆ."

ಆಗಲೂ ನನಗೆ ಮೊದಲು ಹೊಳೆದದ್ದು, ತಮ್ಮ ತಪ್ಪು ಮುಚ್ಚಲು ಆಡಳಿತದವರೇ ಈ ಮಾತು ಹಬ್ಬಿಸಿರಬಹುದು ಎಂದು. ಮಗಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

"ಆಪ್ ಥೀಂ ನಾ?"

"ಹೌದು," ಎಂದೆ. "ನಾನೇ ಬರೆದದ್ದು."

ಆ ಎರಡು ದಿನ ಅವಳು ನನ್ನೊಂದಿಗೆ ಒಂದು ಕನ್ನಡ ಪದವನ್ನೂ ಆಡಲಿಲ್ಲ. ಬೇಕಾದದ್ದನ್ನೆಲ್ಲ ಹಿಂದಿಯಲ್ಲಿ, ಹೊರಗಿನವರನ್ನು ಕೇಳುವ ಹಾಗೆ ಕೇಳಿದಳು.

ಮುಂದಿನ ವಾರ ರಜೆ ಹಾಕಿ, ನರ್ಸ್ ಬಾಡಿಗೆಗಿದ್ದ ಪಕ್ಕದ ಹಳ್ಳಿಯನ್ನು ಕೇಳಿಕೊಂಡು ಹೋದೆ. ಎಮ್ಮೆ ಕಟ್ಟುವ ಅಂಗಳದ ಮೂಲೆಯಲ್ಲಿ ಒಂದೇ ಕೋಣೆ. ಆ ಮುದುಕಿ, ಆಕೆಯ ಅತ್ತೆ, ಈಗ ಹುರಿಹಗ್ಗದ ಮಂಚದ ಮೇಲಿದ್ದರು. ಅವರ ಒಂದು ಪಕ್ಕ ಸ್ವಾಧೀನದಲ್ಲಿಲ್ಲವೆಂಬುದು ನನಗೆ ಅಂದು ಕಂಡಿರಲಿಲ್ಲ, ಅಥವಾ ನಾನು ನೋಡಿದ್ದು ಮಂಚವನ್ನು ಮಾತ್ರ.

ನರ್ಸ್ ನನ್ನ ಗುರುತು ಹಿಡಿದರು. ಕೂರಲು ಬೆತ್ತದ ಮೋಡಾ ಇಟ್ಟು, ಚಹಾ ಕೊಟ್ಟರು.

"ಮೇಡಂಜೀ, ಬರೆಯುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು."

"ಕೇಳಿದೆನಲ್ಲ, ಇಲ್ಲಿ ಯಾಕೆ ಅಡುಗೆ ಅಂತ?"

"ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ನಾನೇನು ಹೇಳಲಿ? ಅತ್ತೆಯನ್ನು ಕರೆದುಕೊಂಡು ಇಲ್ಲೇ ಇರಿ, ಹುಡುಗಿಯರಿಗೂ ಅನುಕೂಲ ಅಂದವರು ಅವರೇ. ಬಾಯಿಮಾತು. ಬರೆದು ಕೊಡಿ ಅಂತ ಎಷ್ಟು ಸಲ ಕೇಳಿದರೂ ಕೊಡಲಿಲ್ಲ."

"ಡಾಕ್ಟರ್?"

"ಡಾಕ್ಟರ್ ಯಾವತ್ತೂ ಇರಲಿಲ್ಲ, ಜೀ. ಮುಂದಿನ ಕೋಣೆಯ ಸೂರು ಸೋರುತ್ತೆ, ಅದಕ್ಕೇ ಬೀಗ. ಹುಡುಗಿಯರೆಲ್ಲ ಹಿಂದಿನಿಂದಲೇ ಬರುತ್ತಿದ್ದರು."

ಅಂದರೆ ಅಧಿಕಾರಿ ಸುಳ್ಳು ಹೇಳಿದ್ದಂತೂ ನಿಜ. ಆದರೆ ನನ್ನ ಪತ್ರದಲ್ಲಿ ಡಾಕ್ಟರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೈಗೆ ಸುಲಭವಾಗಿ ಸಿಕ್ಕವಳ ಮೇಲೆ ಬರೆದಿದ್ದೆ. ತಪ್ಪಾಯಿತು ಎಂದೆ. ಆಕೆ ಅತ್ತೆಯ ತಲೆ ಎತ್ತಿ ಹಿಡಿದು, ತಟ್ಟೆಗೆ ಸುರಿದು ಆರಿಸಿದ ಚಹಾ ಕುಡಿಸಿದರು.

ಮನೆಗೆ ಬಂದು ಇನ್ನೊಂದು ಪತ್ರ ಬರೆದೆ. ನರ್ಸ್ ಆವರಣದಲ್ಲೇ ಇರಲು ಲಿಖಿತ ಆದೇಶ ಕೊಡಿ, ಡಾಕ್ಟರನ್ನು ನೇಮಿಸಿ ಎಂದು. ಇದಕ್ಕೆ ಹದಿನೈದು ದಿನದಲ್ಲಿ ಉತ್ತರ ಬರಲಿಲ್ಲ. ಮೂರು ಸಲ ನೆನಪಿಸಿದೆ, ಎರಡು ಸಲ ನಾನೇ ಹೋಗಿ ಕಚೇರಿಯ ಹೊರಗೆ ಕಾದೆ. ಉಬ್ಬಸದ ಹುಡುಗಿಯ ತಂದೆಯೂ ಸಹಿ ಹಾಕಿದ ಮೇಲೆ ಸೂರಿನ ರಿಪೇರಿಯಾಯಿತು. ವಾರಕ್ಕೆರಡು ದಿನ ಡಾಕ್ಟರ್ ಬರತೊಡಗಿದರು. ಹಿಂದಿನ ಎರಡು ಕೋಣೆಗಳಿಗೆ ನರ್ಸಿನ ನಿವಾಸವೆಂದು ಬೋರ್ಡು ಬಿತ್ತು. ಅಷ್ಟರಲ್ಲಿ ಆಕೆ ಪಟ್ಟಣದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಯಾಗಿತ್ತು. ಆ ಕೋಣೆಗಳಿಗೆ ಹೊಸ ನರ್ಸ್ ಬಂದರು.

ಸುದ್ದಿ ತಿಳಿಸಲು ಫೋನ್ ಮಾಡಿದೆ. "ಅಚ್ಛಾ ಹುವಾ, ಮಕ್ಕಳಿಗೆ ಒಳ್ಳೆಯದಾಯಿತು," ಎಂದರು. ಅತ್ತೆ ಹೇಗಿದ್ದಾರೆ ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು. ನೆಟ್‌ವರ್ಕ್ ಹೋಯಿತೋ, ಅವರೇ ಇಟ್ಟರೋ ತಿಳಿಯದೆ ಮತ್ತೆ ಮಾಡಿದೆ. ಫೋನು ಕೊನೆಯವರೆಗೂ ರಿಂಗಾಗಿ ನಿಂತಿತು.